ಪುರಸಭೆಯ ಲೆಕ್ಕ ಕೇಳುವ ಬಗೆ: ತೆರಿಗೆದಾರರ ಬಳಗಕ್ಕೊಂದು ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಸಿಗುತ್ತದೆಂದು ಬಿಸಿಲಿನಲ್ಲಿ ಸಾಲು ನಿಂತು ಆಸ್ತಿ ತೆರಿಗೆ ಪಾವತಿಸುತ್ತೇವೆ. ಮುದ್ರೆ ಬಿದ್ದ ಚಲನ್ ಬೀರುವಿನ ಕಡತ ಸೇರಿದ ಮೇಲೆ ಆ ಹಣದ ಗೊಡವೆ ಮುಗಿಯಿತೆಂದೇ ನಮ್ಮಲ್ಲಿ ಹೆಚ್ಚಿನವರು ಭಾವಿಸುತ್ತಾರೆ. ಮುಂದೆ ಚರಂಡಿ ಕಟ್ಟಿಕೊಂಡಾಗ, ಬೀದಿದೀಪ ಆರಿದಾಗ ಅದೇ ಹಣದ ನೆನಪಾಗಿ ಗೊಣಗುತ್ತೇವೆ. ಗೊಣಗಾಟಕ್ಕೆ ಪುರಸಭೆಯಲ್ಲಿ ಸ್ವೀಕೃತಿ ಮುದ್ರೆ ಒತ್ತುವವರಿಲ್ಲ. ಬರೆದುಕೊಟ್ಟ ಪ್ರಶ್ನೆಗೆ ಮಾತ್ರ ಒತ್ತುತ್ತಾರೆ. ಸಹಕಾರಿ ಸಂಘವೊಂದರಲ್ಲಿ ದೀರ್ಘಕಾಲ ಲೆಕ್ಕ ಬರೆದು ನಿವೃತ್ತನಾದ ನಾನು, ನಮ್ಮ ತಾಲ್ಲೂಕು ಕೇಂದ್ರದಲ್ಲಿ ಕೆಲವು ಗೆಳೆಯರೊಡನೆ ಈ ಕೆಲಸ ಮಾಡುತ್ತಾ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಖರ್ಚಿನ ಲೆಕ್ಕವನ್ನು ಎಲ್ಲರೂ ಕೇಳಬಯಸುತ್ತಾರೆ, ಆದಾಯದ ಲೆಕ್ಕವನ್ನು ಕೇಳುವವರು ವಿರಳ. ಎರಡನ್ನೂ ಒಟ್ಟಿಗೆ ಹಿಡಿಯದ ಬಳಗ ಅರ್ಧ ಪುಸ್ತಕವನ್ನಷ್ಟೇ ಓದಿದಂತೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ನಿಮ್ಮೂರಿನ ಸಂಸ್ಥೆ ಯಾವುದೆಂದು ತಿಳಿಯಿರಿ

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನ ನೀಡಿತು. 12ನೇ ಅನುಸೂಚಿಯಲ್ಲಿ ಅವುಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿಯಿದೆ. ಕರ್ನಾಟಕದಲ್ಲಿ ಪಟ್ಟಣ ಪಂಚಾಯಿತಿ, ಪುರಸಭೆ ಹಾಗೂ ನಗರಸಭೆಗಳು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಡಿ ನಡೆಯುತ್ತವೆ, ಮಹಾನಗರ ಪಾಲಿಕೆಗಳು 1976ರ ಅಧಿನಿಯಮದಡಿ ನಡೆಯುತ್ತವೆ, ಬೆಂಗಳೂರಿಗೆ ಪ್ರತ್ಯೇಕ ಕಾನೂನಿದೆ. ಪಟ್ಟಣ ಪಂಚಾಯಿತಿ ಮತ್ತು ಪುರಸಭೆಗಳಲ್ಲಿ ಆಡಳಿತದ ಹೊಣೆ ಮುಖ್ಯಾಧಿಕಾರಿಯದು, ನಗರಸಭೆಯಲ್ಲಿ ಪೌರಾಯುಕ್ತರದು. ಇವರ ಮೇಲೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶ ಮತ್ತು ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯಗಳಿವೆ. ಪತ್ರ ಯಾರಿಗೆ ಬರೆಯಬೇಕು, ಉತ್ತರ ಬಾರದಿದ್ದರೆ ಯಾರ ಬಳಿ ಹೋಗಬೇಕು ಎಂಬುದಕ್ಕೆ ಇಷ್ಟು ತಿಳಿದಿದ್ದರೆ ಸಾಕು.

ಚುನಾಯಿತ ಮಂಡಳಿ ಇಲ್ಲದ ಕಾಲದಲ್ಲಿ ಆಡಳಿತಾಧಿಕಾರಿಯೇ ಮಂಡಳಿಯ ಅಧಿಕಾರ ಚಲಾಯಿಸುತ್ತಾರೆ. 2018ರಲ್ಲಿ ಚುನಾವಣೆ ನಡೆದ ಹಲವು ಪುರಸಭೆಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದಾಗಿ ಗೆದ್ದ ಸದಸ್ಯರು ಬಹುಕಾಲ ಅಧಿಕಾರವಿಲ್ಲದೆ ಕಾಯಬೇಕಾಯಿತು. ಸಭೆಯಲ್ಲಿ ಪ್ರಶ್ನಿಸುವವರೇ ಇಲ್ಲದ ಇಂತಹ ಅವಧಿಯ ಲೆಕ್ಕವನ್ನು ಹೆಚ್ಚು ಎಚ್ಚರದಿಂದ ಓದಬೇಕಾಗುತ್ತದೆ.

ಬಳಗ ಚಿಕ್ಕದಿರಲಿ, ಬಾಕಿ ಇಲ್ಲದವರದ್ದಿರಲಿ

ಏಳರಿಂದ ಹತ್ತು ಮಂದಿ ಸಾಕು. ಲೆಕ್ಕ ಬಲ್ಲವರೊಬ್ಬರು, ಕಟ್ಟಡ ಅಥವಾ ರಸ್ತೆ ಕೆಲಸದ ಒಳಹೊರಗು ಬಲ್ಲವರೊಬ್ಬರು, ಅರ್ಜಿಯನ್ನು ಸ್ಪಷ್ಟವಾಗಿ ಬರೆಯಬಲ್ಲವರೊಬ್ಬರು, ಕಚೇರಿಗೆ ಹತ್ತು ಸಲ ಹೋಗಿಬರುವ ತಾಳ್ಮೆಯುಳ್ಳವರಿಬ್ಬರು ಇದ್ದರೆ ಕೆಲಸ ಸಾಗುತ್ತದೆ. ನಿವೃತ್ತ ಮೇಸ್ತ್ರಿಯೊಬ್ಬರನ್ನು ತಪ್ಪದೆ ಸೇರಿಸಿಕೊಳ್ಳಿ. ಎಂಜಿನಿಯರ್ ಕಾಗದದಲ್ಲಿ ನೋಡುವುದನ್ನು ಅವರು ನೆಲದಲ್ಲಿ ನೋಡುತ್ತಾರೆ. ಪುರಸಭೆಯ ಗುತ್ತಿಗೆದಾರರು, ಪುರಸಭೆಯ ಮಳಿಗೆ ಹಿಡಿದವರು ಮತ್ತು ಮುಂದಿನ ಚುನಾವಣೆಗೆ ನಿಲ್ಲುವ ಆಲೋಚನೆ ಇರುವವರು ಹಿತೈಷಿಗಳಾಗಿ ಹೊರಗಿರಲಿ, ಸದಸ್ಯರಾಗುವುದು ಬೇಡ.

ಸದಸ್ಯರಾಗುವ ಪ್ರತಿಯೊಬ್ಬರೂ ತಮ್ಮ ಆಸ್ತಿ ತೆರಿಗೆ ಮತ್ತು ನೀರಿನ ಕಂದಾಯದ ಚಾಲ್ತಿ ರಸೀದಿಯನ್ನು ಮೊದಲ ಸಭೆಯಲ್ಲಿ ಮೇಜಿನ ಮೇಲಿಡಬೇಕು. ಬಾಡಿಗೆ ಮನೆಯಲ್ಲಿರುವವರು ನೀರಿನ ರಸೀದಿ ತಂದರೆ ಸಾಲದೇ ಎಂದು ಕೇಳಬಹುದು, ಸಾಕು. ಈ ನಿಯಮ ನಮಗೆ ಮುಜುಗರದಿಂದಲೇ ಬಂತು. ನಾವು ಮೊದಲ ಸಲ ಮನವಿ ಕೊಡಲು ಹೋದಾಗ ಕಂದಾಯ ವಿಭಾಗದ ಗುಮಾಸ್ತರು ಕಾಗದ ತೆಗೆದುಕೊಳ್ಳುವ ಮೊದಲೇ ಗಣಕಯಂತ್ರದಲ್ಲಿ ನಮ್ಮ ಹೆಸರುಗಳನ್ನು ಹುಡುಕಿ, ನಮ್ಮಲ್ಲೊಬ್ಬರ ಮೂರು ವರ್ಷದ ಬಾಕಿಯನ್ನು ಎಲ್ಲರಿಗೂ ಕೇಳುವಂತೆ ಓದಿದರು. ಅಂದು ನಾವು ಮನವಿಯನ್ನು ವಾಪಸು ತಂದೆವು.

ನೋಂದಣಿ ಕಡ್ಡಾಯವಲ್ಲ. ಬ್ಯಾಂಕ್ ಖಾತೆ ಬೇಕೆಂದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ಏಳು ಸದಸ್ಯರೊಂದಿಗೆ ನೋಂದಾಯಿಸಬಹುದು. ಮಾಹಿತಿ ಹಕ್ಕಿನ ಅರ್ಜಿಯನ್ನು ಮಾತ್ರ ಸಂಘದ ಹೆಸರಿನಲ್ಲಿ ಹಾಕಬೇಡಿ; ಆ ಹಕ್ಕು ನಾಗರಿಕರದ್ದಾದ್ದರಿಂದ ಒಬ್ಬ ವ್ಯಕ್ತಿಯ ಹೆಸರಿನಲ್ಲಿಯೇ ಇರಲಿ.

ನಿಮ್ಮದೇ ಚಲನ್‌ನಿಂದ ಪ್ರಾರಂಭಿಸಿ

ಊರಿನ ಲೆಕ್ಕ ಕೇಳುವ ಮೊದಲು ನಿಮ್ಮ ಮನೆಯ ತೆರಿಗೆ ಹೇಗೆ ಬಂತೆಂದು ವಿವರಿಸಲು ನಿಮಗೆ ಬರಬೇಕು. ಕರ್ನಾಟಕದ ಪುರಸಭೆಗಳಲ್ಲಿ ಸ್ವಯಂ ಘೋಷಣೆಯ ಪದ್ಧತಿಯಿದ್ದು, ತೆರಿಗೆಯನ್ನು ಆಸ್ತಿಯ ಬಂಡವಾಳ ಮೌಲ್ಯದ ಮೇಲೆ ಲೆಕ್ಕ ಹಾಕಲಾಗುತ್ತದೆ. ಆ ಮೌಲ್ಯಕ್ಕೆ ಆಧಾರ ನೋಂದಣಿ ಇಲಾಖೆಯು ಪ್ರಕಟಿಸುವ ಮಾರ್ಗಸೂಚಿ ದರ. ನಿವೇಶನದ ಅಳತೆ, ಕಟ್ಟಡದ ವಿಸ್ತೀರ್ಣ, ಆರ್‌ಸಿಸಿ ಛಾವಣಿಯೋ ಹೆಂಚಿನದೋ ಎಂಬ ವರ್ಗ, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ, ವಾಸಕ್ಕೋ ವಾಣಿಜ್ಯಕ್ಕೋ ಎಂಬ ಬಳಕೆ, ಇವೆಲ್ಲವೂ ಘೋಷಣೆಯ ನಮೂನೆಯಲ್ಲಿರುತ್ತವೆ. ಒಂದು ಭಾನುವಾರ ಎಲ್ಲ ಸದಸ್ಯರೂ ತಮ್ಮ ನಮೂನೆಗಳನ್ನು ತಂದು ಒಟ್ಟಿಗೆ ಕುಳಿತು ಓದಿ. ಹದಿನೈದು ವರ್ಷದ ಕಟ್ಟಡಕ್ಕೆ ಹೊಸ ಕಟ್ಟಡದ ಲೆಕ್ಕ ಬಿದ್ದಿರುವುದು, ಮೇಲೆ ಕಟ್ಟಿದ ಮಹಡಿ ಘೋಷಣೆಯಲ್ಲಿ ಇಲ್ಲದಿರುವುದು, ಎರಡೂ ಆಗ ಬೆಳಕಿಗೆ ಬರುತ್ತವೆ. ಎರಡನೆಯದನ್ನು ಕಂಡವರು ಮೊದಲು ತಾವೇ ಸರಿಪಡಿಸಿಕೊಳ್ಳಬೇಕು.

ತೆರಿಗೆಯ ಕೆಳಗೆ ಉಪಕರಗಳ ಸಾಲುಗಳಿರುತ್ತವೆ: ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ತೆರಿಗೆ 2,000 ರೂಪಾಯಿ ಆಗಿದ್ದರೆ ಈ ಮೂರರ ಬಾಬ್ತು 300, 120 ಮತ್ತು 60 ರೂಪಾಯಿ, ಒಟ್ಟು 480. ಇವಲ್ಲದೆ ನಗರ ಸಾರಿಗೆ ಉಪಕರ, ಘನತ್ಯಾಜ್ಯ ಶುಲ್ಕಗಳೂ ಸೇರಿರಬಹುದು. ಗ್ರಂಥಾಲಯ ಕರವಾಗಲಿ ಭಿಕ್ಷುಕರ ಕರವಾಗಲಿ ಪುರಸಭೆಯ ಸ್ವಂತ ಹಣವಲ್ಲ. ಒಂದನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ, ಇನ್ನೊಂದನ್ನು 1975ರ ಭಿಕ್ಷಾಟನೆ ನಿಷೇಧ ಅಧಿನಿಯಮದಡಿ ರಚಿತವಾದ ಕೇಂದ್ರ ಪರಿಹಾರ ಸಮಿತಿಗೆ ದಾಟಿಸಬೇಕು. ಹೊಸ ಬಳಗ ಕೇಳಬಹುದಾದ ಅತ್ಯಂತ ಸರಳ ಪ್ರಶ್ನೆ ಇದೇ: ಕಳೆದ ಮೂರು ವರ್ಷಗಳಲ್ಲಿ ವಸೂಲಾದ ಗ್ರಂಥಾಲಯ ಕರ ಎಷ್ಟು, ಗ್ರಂಥಾಲಯಕ್ಕೆ ಪಾವತಿಸಿದ್ದು ಎಷ್ಟು, ಉಳಿದದ್ದು ಎಲ್ಲಿದೆ? ಉತ್ತರ ಒಂದೇ ಪುಟದಲ್ಲಿ ಬರುತ್ತದೆ, ಅದನ್ನು ಊರಿನ ಗ್ರಂಥಪಾಲಕರ ಬಳಿ ತಾಳೆ ನೋಡಬಹುದು, ಪತ್ರಿಕೆ ಓದಲು ಬರುವವರಿಗೆ ಅಲ್ಲಿಯೇ ವಿಷಯವೂ ತಿಳಿಯುತ್ತದೆ.

ತೆರಿಗೆ ಏಕೆ ಏರುತ್ತದೆಂಬುದೂ ಗೊತ್ತಿರಲಿ. ಮೊದಲು ಮೂರು ವರ್ಷಕ್ಕೊಮ್ಮೆ ಶೇ 15ರಿಂದ 30ರವರೆಗೆ ಹೆಚ್ಚಿಸುವ ಪದ್ಧತಿಯಿತ್ತು. ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಪಡಿಸಬೇಕು, ವಸೂಲಿಯು ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ಏರಬೇಕು ಎಂಬ ಷರತ್ತನ್ನು 15ನೇ ಹಣಕಾಸು ಆಯೋಗವು ಅನುದಾನಕ್ಕೆ ಜೋಡಿಸಿದ ನಂತರ ವರ್ಷಕ್ಕೆ ಶೇ 3ರಿಂದ 5ರಷ್ಟು ಏರಿಕೆಯ ಕ್ರಮ ಬಂತು. ಆದ್ದರಿಂದ 'ತೆರಿಗೆ ಏರಿಸಬೇಡಿ' ಎಂಬ ಘೋಷಣೆಯೊಂದನ್ನೇ ಹಿಡಿದ ಬಳಗಕ್ಕೆ ಪುರಸಭೆಯಲ್ಲಿ ಸಿಗುವ ಉತ್ತರ ಸರ್ಕಾರದ ಆದೇಶದ ಒಂದು ಪ್ರತಿ ಮಾತ್ರ. ಶೇ 3ಕ್ಕೆ ಬದಲು ಶೇ 5 ಏಕೆ, ಯಾವ ಸಭೆಯ ಯಾವ ನಡಾವಳಿಯಲ್ಲಿ ತೀರ್ಮಾನವಾಯಿತು, ಯಾರು ಆಕ್ಷೇಪಿಸಿದರು ಎಂದು ಕೇಳಿದರೆ ಮಾತು ಬೇರೆಯಾಗುತ್ತದೆ.

ಬೇಡಿಕೆ, ವಸೂಲಿ, ಬಾಕಿ

ಪುರಸಭೆಯ ಆದಾಯವನ್ನು ಅರಿಯಲು ಒಂದೇ ಕಾಗದ ನೋಡಬೇಕೆಂದರೆ ಅದು 'ಬೇಡಿಕೆ, ವಸೂಲಿ, ಬಾಕಿ ತಃಖ್ತೆ'. ಕಚೇರಿಯಲ್ಲಿ ಡಿಸಿಬಿ ಎಂದರೆ ತಕ್ಷಣ ಅರ್ಥವಾಗುತ್ತದೆ. ಹಳೆಯ ಬಾಕಿ, ಪ್ರಸಕ್ತ ಸಾಲಿನ ಬೇಡಿಕೆ, ಎರಡರ ಮೊತ್ತ, ವಸೂಲಾದದ್ದು, ಉಳಿದದ್ದು ಎಂಬ ಅಂಕಣಗಳಿರುತ್ತವೆ. ಸತತ ಮೂರು ವರ್ಷಗಳ ತಃಖ್ತೆ ತೆಗೆದುಕೊಂಡು ಪಕ್ಕಪಕ್ಕ ಇಡಿ.

ಮೊದಲ ಪರೀಕ್ಷೆಗೆ ಕೂಡುವ ಕಳೆಯುವ ಲೆಕ್ಕ ಬಂದರೆ ಸಾಕು. ಕಳೆದ ಮಾರ್ಚ್ 31ರ ಅಂತಿಮ ಬಾಕಿಯೂ ಈ ಏಪ್ರಿಲ್ 1ರ ಆರಂಭಿಕ ಬಾಕಿಯೂ ಒಂದೇ ಆಗಿರಬೇಕು. ಉದಾಹರಣೆಗೆ, ಅಂತಿಮ ಬಾಕಿ 62 ಲಕ್ಷ ಎಂದಿದ್ದು ಮರುದಿನದ ಆರಂಭಿಕ ಬಾಕಿ 48 ಲಕ್ಷ ಎಂದಾದರೆ, ಒಂದೇ ರಾತ್ರಿಯಲ್ಲಿ 14 ಲಕ್ಷ ಎಲ್ಲಿ ಹೋಯಿತೆಂದು ಕೇಳಲೇಬೇಕು. ಎರಡು ಸಲ ನಮೂದಾದ ಆಸ್ತಿಗಳನ್ನು ತೆಗೆದಿರಬಹುದು, ಗಣಕೀಕರಣದ ವೇಳೆ ದಾಖಲೆ ತಪ್ಪಿರಬಹುದು, ಬಾಕಿಯನ್ನು ವಜಾ ಮಾಡಿರಲೂಬಹುದು. ವಜಾ ಮಾಡಿದ್ದರೆ ಅದಕ್ಕೆ ಆದೇಶವಿರಬೇಕು, ಆ ಆದೇಶಕ್ಕೆ ಸಂಖ್ಯೆಯೂ ದಿನಾಂಕವೂ ಇರಬೇಕು.

ಎರಡನೆಯದಾಗಿ, ಬೇಡಿಕೆಯೇ ಕಡಿಮೆಯಿದೆಯೇ ಎಂದು ನೋಡಿ. ಬೇಡಿಕೆಯ ಪಟ್ಟಿಗೇ ಸೇರದ ಆಸ್ತಿ ಬಾಕಿಯ ಪಟ್ಟಿಯಲ್ಲಿ ಕಾಣುವುದಿಲ್ಲ. ವಸೂಲಿ ಶೇ 90 ದಾಟಿತೆಂಬ ಸುದ್ದಿಯ ಹಿಂದೆ ಲೆಕ್ಕಕ್ಕೇ ಬಾರದ ಹೊಸ ಬಡಾವಣೆಯೊಂದು ಇರಬಹುದು. ವಾರ್ಡಿನ ಒಂದು ಬೀದಿ ಹಿಡಿದು ಕಟ್ಟಡಗಳನ್ನು, ಮಹಡಿಗಳನ್ನು, ಅಂಗಡಿಗಳನ್ನು ಎಣಿಸಿ, ಪುರಸಭೆಯಿಂದ ಆ ಬೀದಿಯ ಒಟ್ಟು ಆಸ್ತಿಗಳ ಮತ್ತು ವಾಣಿಜ್ಯ ಆಸ್ತಿಗಳ ಸಂಖ್ಯೆಯನ್ನಷ್ಟೇ ಪಡೆದು ಹೋಲಿಸಿ. ವ್ಯಕ್ತಿಗಳ ಹೆಸರು ಕೇಳಬೇಡಿ. ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ, ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ)ಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಿಗಿಗೊಳಿಸಿರುವುದರಿಂದ ಹೆಸರು ಕೇಳಿದ ಅರ್ಜಿ ತಿರಸ್ಕಾರಗೊಳ್ಳುವ ಸಾಧ್ಯತೆ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಪಕ್ಕದ ಮನೆಯ ಸೀತಮ್ಮನವರ ತಾರಸಿ ಕೋಣೆಯನ್ನು ಬಯಲಿಗೆಳೆದ ಬಳಗಕ್ಕೆ ಊರಿನಲ್ಲಿ ಯಾರೂ ಬಾಗಿಲು ತೆರೆಯುವುದಿಲ್ಲ. ಕಲ್ಯಾಣ ಮಂಟಪ, ವಸತಿಗೃಹ, ಮೊಬೈಲ್ ಗೋಪುರ, ಜಾಹೀರಾತು ಫಲಕಗಳಂತಹ ದೊಡ್ಡ ಬಾಬ್ತುಗಳಲ್ಲೇ ನೋಡಬೇಕಾದದ್ದು ಬೇಕಾದಷ್ಟಿದೆ.

ಮಳಿಗೆ ಬಾಡಿಗೆಯನ್ನು ಪ್ರತ್ಯೇಕವಾಗಿ ನೋಡಬೇಕು. ಬಸ್ ನಿಲ್ದಾಣದ ಸುತ್ತಲಿನ ಪುರಸಭೆ ಮಳಿಗೆಗಳ ಹರಾಜಿನ ದಿನಾಂಕ, ಗುತ್ತಿಗೆಯ ಅವಧಿ, ತಿಂಗಳ ಬಾಡಿಗೆ ಮತ್ತು ಬಾಕಿಯ ಪಟ್ಟಿ ಪಡೆದು, ಪಕ್ಕದ ಖಾಸಗಿ ಮಳಿಗೆಯ ಬಾಡಿಗೆ ವಿಚಾರಿಸಿ. ಅವಧಿ ಮುಗಿದೂ ಹಳೆಯ ಬಾಡಿಗೆಯಲ್ಲೇ ಮುಂದುವರಿದವು ಎಷ್ಟು, ಹಿಡಿದವರೊಬ್ಬರು ವ್ಯಾಪಾರ ಮಾಡುವವರೊಬ್ಬರು ಎಂಬಂತಹವು ಎಷ್ಟು ಎಂಬುದು ಒಂದು ಸಂಜೆಯ ಓಡಾಟದಲ್ಲಿ ತಿಳಿಯುತ್ತದೆ. ಸಂತೆಯ ಸುಂಕ ವಸೂಲಿಯ ಹರಾಜೂ ಇದೇ ಜಾತಿಯದು.

ಬಜೆಟ್ ಪುಸ್ತಕ ಓದುವ ಕ್ರಮ

ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಆರಂಭವಾಗುವುದರಿಂದ ಪುರಸಭೆಗಳು ಸಾಮಾನ್ಯವಾಗಿ ಚಳಿಗಾಲದಲ್ಲೇ ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತವೆ. ಸಾರ್ವಜನಿಕರ ಸಲಹೆಗೆಂದೇ ನಡೆಯುವ ಈ ಸಭೆಗಳಿಗೆ ಬರುವವರು ಬೆರಳೆಣಿಕೆಯಷ್ಟು. ಡಿಸೆಂಬರಿನಲ್ಲೇ ಮುಖ್ಯಾಧಿಕಾರಿಗೆ ಪತ್ರ ಬರೆದು ದಿನಾಂಕ ತಿಳಿಸುವಂತೆ ಕೋರಿ, ಸಲಹೆಗಳನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. 'ಊರು ಅಭಿವೃದ್ಧಿಯಾಗಲಿ' ಎಂಬುದು ಸಲಹೆಯಲ್ಲ. 'ಸಂತೆ ಮೈದಾನದ ಶೌಚಾಲಯದ ದುರಸ್ತಿಗೆ ಹಣ ಇಡಿ, ಕಳೆದ ವರ್ಷ ಇಟ್ಟ ಹಣ ಖರ್ಚಾಗಿಲ್ಲ' ಎಂಬುದು ಸಲಹೆ.

ಬಜೆಟ್ ಪುಸ್ತಕದಲ್ಲಿ ಹಿಂದಿನ ವರ್ಷದ ವಾಸ್ತವ, ಪ್ರಸಕ್ತ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಎಂಬ ಅಂಕಣಗಳಿರುತ್ತವೆ. ಎಲ್ಲರೂ ಕೊನೆಯ ಅಂಕಣ ನೋಡುತ್ತಾರೆ. ನೀವು ಮೊದಲನೆಯದನ್ನು ನೋಡಿ. ಮಳಿಗೆ ಬಾಡಿಗೆಯಿಂದ 80 ಲಕ್ಷ ನಿರೀಕ್ಷಿಸಿ 30 ಲಕ್ಷ ಪಡೆದ ಪುರಸಭೆ ಮತ್ತೆ 85 ಲಕ್ಷ ಬರೆದಿದ್ದರೆ, ಆ ಆದಾಯವನ್ನು ನಂಬಿ ಬರೆದ ಖರ್ಚೂ ಕಾಗದದಲ್ಲೇ ಉಳಿಯುತ್ತದೆ. ಪತ್ರಿಕೆಗಳಲ್ಲಿ ಪ್ರತಿ ಮಾರ್ಚ್‌ನಲ್ಲಿ ಬರುವ 'ಪುರಸಭೆಯಿಂದ ಉಳಿತಾಯ ಬಜೆಟ್ ಮಂಡನೆ' ಎಂಬ ಶೀರ್ಷಿಕೆಗೂ ಹಿಗ್ಗಬೇಡಿ. ಆ ಉಳಿತಾಯದಲ್ಲಿ ಬಹುಪಾಲು ಆರಂಭಿಕ ಶಿಲ್ಕು, ಅಂದರೆ ಹಿಂದಿನ ವರ್ಷದಿಂದ ಉಳಿದು ಬಂದ ಹಣ. ಆ ಶಿಲ್ಕಿನಲ್ಲಿ ಬಹುಪಾಲು ಬೇರೆ ಯಾವುದೋ ಯೋಜನೆಗೆ ಬಂದು ಖರ್ಚಾಗದೆ ಉಳಿದ ಹಣ.

ಹಣ ಯಾವ ಚೀಲದ್ದು ಎಂದು ಬೇರ್ಪಡಿಸಿ ಓದುವುದನ್ನು ರೂಢಿ ಮಾಡಿಕೊಳ್ಳಿ. ಪುರಸಭಾ ನಿಧಿ ಎಂದರೆ ಸ್ವಂತ ಆದಾಯ. ರಾಜ್ಯ ಹಣಕಾಸು ಆಯೋಗದ ಅನುದಾನ ಎಸ್‌ಎಫ್‌ಸಿ ಎಂಬ ಹೆಸರಿನಲ್ಲಿ ಮುಕ್ತನಿಧಿ, ವೇತನ, ವಿದ್ಯುತ್ ಎಂದು ಕವಲೊಡೆದಿರುತ್ತದೆ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಸಣ್ಣ ನಗರಗಳಿಗೆ ಬರುವುದರ ಶೇ 60 ಭಾಗವನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲಿಡಬೇಕಿತ್ತು. ನಗರೋತ್ಥಾನ, ಅಮೃತ್, ಸ್ವಚ್ಛ ಭಾರತ ಯೋಜನೆಗಳದು ಮತ್ತೆ ಬೇರೆ. ಕುಡಿಯುವ ನೀರಿನ ಹಣದಲ್ಲಿ ಕಾಂಪೌಂಡ್ ಗೋಡೆ ಕಟ್ಟಿದ್ದರೆ ಗೋಡೆ ಎಷ್ಟೇ ಗಟ್ಟಿಯಿದ್ದರೂ ಪ್ರಶ್ನೆ ನಿಲ್ಲುತ್ತದೆ.

ಶೇ 24.10, ಶೇ 7.25, ಶೇ 5 ಎಂಬ ಮೂರು ಅಂಕಿಗಳನ್ನೂ ಹುಡುಕಿ. ಕ್ರಮವಾಗಿ ಪರಿಶಿಷ್ಟ ಜಾತಿ ಮತ್ತು ಪಂಗಡ, ಇತರೆ ಬಡವರು ಹಾಗೂ ಅಂಗವಿಕಲರ ಕಲ್ಯಾಣಕ್ಕೆ ತೆಗೆದಿರಿಸಬೇಕಾದ ಪಾಲು ಇವು. ಬಜೆಟ್‌ನಲ್ಲಿ ಈ ಹಣ ಇಡದ ಪುರಸಭೆಯಿಲ್ಲ, ಇಟ್ಟಷ್ಟನ್ನೂ ಖರ್ಚು ಮಾಡಿದ ಪುರಸಭೆಯನ್ನು ನಾನಂತೂ ಕಂಡಿಲ್ಲ. ಫಲಾನುಭವಿಗಳ ಆಯ್ಕೆ ಯಾವ ಸಭೆಯಲ್ಲಾಯಿತು, ಹೊಲಿಗೆ ಯಂತ್ರವೋ ತ್ರಿಚಕ್ರ ವಾಹನವೋ ವಿತರಣೆಯಾದದ್ದು ಯಾವಾಗ, ಮೂರು ವರ್ಷದಿಂದ ಮುಂದುವರಿದ ಶಿಲ್ಕು ಎಷ್ಟು ಎಂದು ಕೇಳಿದಾಗ ಗೋದಾಮಿನಲ್ಲಿ ಧೂಳು ತಿನ್ನುತ್ತಿರುವ ಸಾಮಗ್ರಿ ಹೊರಬಂದದ್ದೂ ಉಂಟು.

ಮಾಹಿತಿ ಹಕ್ಕಿನ ಅರ್ಜಿ

ಎಲ್ಲವನ್ನೂ ಅರ್ಜಿ ಹಾಕಿಯೇ ಪಡೆಯಬೇಕಿಲ್ಲ. ಬಜೆಟ್, ಕ್ರಿಯಾ ಯೋಜನೆಗಳು ಪುರಸಭೆಯ ಜಾಲತಾಣದಲ್ಲಿ ಹಲವು ವೇಳೆ ಸಿಗುತ್ತವೆ. ನಡಾವಳಿಯ ಪ್ರತಿಯನ್ನು ನಿಮ್ಮ ವಾರ್ಡಿನ ಸದಸ್ಯರು ಸುಮ್ಮನೆ ಕೊಟ್ಟಾರು. ಅಲ್ಲಿ ಸಿಗದಿದ್ದಾಗ 2005ರ ಕಾಯ್ದೆಯ ಮೊರೆ ಹೋಗಿ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಹೊಸಬರ ಅರ್ಜಿಗಳು ಬಹುಪಾಲು ಇಲ್ಲಿಯೇ ಎಡವುತ್ತವೆ. 'ಏಕೆ' ಎಂದು ಕೇಳಬೇಡಿ. ಕಾರಣ ವಿವರಿಸುವ ಹೊಣೆ ಮಾಹಿತಿ ಅಧಿಕಾರಿಯದ್ದಲ್ಲ, ಇರುವ ದಾಖಲೆ ಕೊಡುವುದಷ್ಟೇ ಅವರ ಕೆಲಸ. ನಾವು ಬಳಸುವ ಒಕ್ಕಣೆ ಹೀಗಿದೆ:

'ವಾರ್ಡ್ ಸಂಖ್ಯೆ ….ರಲ್ಲಿ ….ರಿಂದ ….ವರೆಗಿನ ಕಾಂಕ್ರೀಟ್ ರಸ್ತೆ ಕಾಮಗಾರಿಗೆ (ಸಾಲು ……) ಸಂಬಂಧಿಸಿದ ಕಡತದಲ್ಲಿನ ಅನುಮೋದಿತ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಪಾವತಿಸಿದ ಬಿಲ್ಲುಗಳು ಹಾಗೂ ಗುಣಮಟ್ಟ ಪರೀಕ್ಷಾ ವರದಿಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕೆಂದು ಕೋರುತ್ತೇನೆ. ಪ್ರತಿಗಳನ್ನು ಪಡೆಯುವ ಮೊದಲು ಕಲಂ 2(ಜೆ) ಅನ್ವಯ ಕಡತವನ್ನು ಪರಿಶೀಲಿಸಲು ದಿನಾಂಕ ಮತ್ತು ಸಮಯ ತಿಳಿಸಬೇಕೆಂದೂ ಕೋರುತ್ತೇನೆ.'

ಕೊನೆಯ ವಾಕ್ಯ ಬಹಳ ಬೆಲೆಯುಳ್ಳದ್ದು. ಪರಿಶೀಲನೆಯ ಮೊದಲ ಒಂದು ಗಂಟೆ ಉಚಿತ, ಆ ಒಂದು ಗಂಟೆಯಲ್ಲಿ 400 ಪುಟದ ಕಡತದಿಂದ ಬೇಕಾದ 12 ಪುಟಗಳನ್ನು ಗುರುತು ಮಾಡಿಕೊಳ್ಳಬಹುದು. ಟಿಪ್ಪಣಿ ಹಾಳೆಗಳನ್ನು ಮೊದಲು ಓದಿ, ಯಾರು ಏನನ್ನು ಆಕ್ಷೇಪಿಸಿದ್ದರು, ಆ ಆಕ್ಷೇಪ ಹೇಗೆ ತಣ್ಣಗಾಯಿತು ಎಂಬ ಕಥೆ ಅಲ್ಲಿರುತ್ತದೆ. 30 ದಿನ ದಾಟಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಉತ್ತರ ಬಂದ ಅಥವಾ ಗಡುವು ಮುಗಿದ ಮೇಲೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ತೀರ್ಪಿನ ನಂತರ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದಲ್ಲಿ ವಿಚಾರಣೆಯ ಸರದಿ ಬರಲು ತಿಂಗಳುಗಳು ಹಿಡಿಯುವುದರಿಂದ, ಒಂದೇ ಅರ್ಜಿಯ ಮೇಲೆ ವರ್ಷದ ಕೆಲಸವನ್ನೆಲ್ಲ ಕಟ್ಟಬೇಡಿ.

ಒಂದು ರಸ್ತೆಯನ್ನು ಕೊನೆಯವರೆಗೂ ಹಿಂಬಾಲಿಸಿ

ಊರಿನ ಎಲ್ಲ ಕಾಮಗಾರಿಗಳನ್ನೂ ಪರೀಕ್ಷಿಸಲು ಹೊರಟ ಬಳಗ ಮೂರು ತಿಂಗಳಲ್ಲಿ ದಣಿದು ಚದುರುತ್ತದೆ. ಒಂದು ವಾರ್ಡ್, ಒಂದು ವರ್ಷ, ಒಂದು ರಸ್ತೆ ಸಾಕು.

ಅಂದಾಜು ಪಟ್ಟಿಯಲ್ಲಿ ರಸ್ತೆಯ ಉದ್ದ 100 ಮೀಟರ್, ಅಗಲ 3 ಮೀಟರ್, ಕಾಂಕ್ರೀಟ್ ದಪ್ಪ 15 ಸೆಂಟಿಮೀಟರ್ ಎಂದಿದ್ದರೆ 45 ಘನ ಮೀಟರ್ ಕಾಂಕ್ರೀಟ್ ಬೀಳಬೇಕು. ದಪ್ಪ 10 ಸೆಂಟಿಮೀಟರಿಗೆ ಇಳಿದರೆ 30 ಘನ ಮೀಟರ್. ಘನ ಮೀಟರಿಗೆ 6,000 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೂ ಕಣ್ಣಿಗೆ ಕಾಣದ ಆ ಐದು ಸೆಂಟಿಮೀಟರಿನ ಬೆಲೆ 90,000 ರೂಪಾಯಿ. ಉದ್ದ ಅಗಲಗಳನ್ನು ಟೇಪು ಹಿಡಿದು ಅಳೆಯಬಹುದು, ದಪ್ಪ ನೋಡುವುದು ಕಷ್ಟ. ನಮ್ಮ ಮೇಸ್ತ್ರಿಯವರು ರಸ್ತೆಯ ಅಂಚನ್ನು ನಂಬಬೇಡಿ ಎನ್ನುತ್ತಿದ್ದರು. ಹಲಗೆ ಕಟ್ಟುವಾಗ ಅಂಚಿಗೆ ಮಾತ್ರ ಪೂರ್ತಿ ದಪ್ಪ ಕೊಟ್ಟು ನಡುವೆ ಮಣ್ಣು ಏರಿಸುವುದುಂಟಂತೆ. ಯಾರದೋ ಮನೆಯ ನಲ್ಲಿ ಸಂಪರ್ಕಕ್ಕೆಂದು ರಸ್ತೆ ಕತ್ತರಿಸಿದ ದಿನ ಅವರು ಸ್ಕೇಲು ಹಿಡಿದು ಓಡಿದ್ದರು. ಕತ್ತರಿಸಿದ ಗೋಡೆಯಂತಹ ಆ ಭಾಗದಲ್ಲಿ ಸ್ಕೇಲು ನಿಲ್ಲಿಸಿ, ದಿನಪತ್ರಿಕೆಯ ಮುಖಪುಟ ಪಕ್ಕದಲ್ಲಿಟ್ಟು ಚಿತ್ರ ತೆಗೆದರು, ದಿನಾಂಕಕ್ಕೆ ಸಾಕ್ಷಿಯಾಗಲೆಂದು. ಇಂತಹ ಒಂದು ಅಳತೆಯಿಂದ ಆರೋಪ ಮಾಡಲಾಗದು. ಆದರೆ ಮೂರನೇ ವ್ಯಕ್ತಿಯ ತಪಾಸಣೆ ಮಾಡಿಸಿ, ರಸ್ತೆಯಿಂದ ಕಾಂಕ್ರೀಟ್ ತುಂಡು (ಕೋರ್) ಕೊರೆದು ಪರೀಕ್ಷಿಸಿ ಎಂದು ಲಿಖಿತವಾಗಿ ಕೇಳಲು ಅಷ್ಟು ಆಧಾರ ಸಾಕು.

ಕಡತದಲ್ಲಿ ನೋಡಬೇಕಾದ ಇನ್ನೊಂದು ಸಂಗತಿ ಕಾಮಗಾರಿಯ ಮೊತ್ತ. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ಟೆಂಡರನ್ನು ಕಡ್ಡಾಯ ಮಾಡುತ್ತದೆ, ಜೊತೆಗೆ ಸಣ್ಣ ಮೊತ್ತಕ್ಕೆ ವಿನಾಯಿತಿಯನ್ನೂ ಕೊಡುತ್ತದೆ. ಕಾಮಗಾರಿಗಳಿಗೆ ಬಹುಕಾಲದಿಂದ ತಿಳಿದಿರುವ ಮಿತಿ 5 ಲಕ್ಷ. ಒಂದೇ ರಸ್ತೆಗೆ 'ರಾಮಮಂದಿರದಿಂದ ಹಿಟ್ಟಿನ ಗಿರಣಿಯವರೆಗೆ', 'ಹಿಟ್ಟಿನ ಗಿರಣಿಯಿಂದ ಬೇವಿನ ಮರದವರೆಗೆ', 'ಬೇವಿನ ಮರದಿಂದ ಮುಂದಕ್ಕೆ' ಎಂದು 4.90 ಲಕ್ಷದ ಮೂರು ಅಂದಾಜುಗಳಿದ್ದರೆ ಟೆಂಡರಿಲ್ಲದೆ ಕೊಡುವ ತುಂಡು ಗುತ್ತಿಗೆಗೆಂದೇ ರಸ್ತೆಯನ್ನು ಕತ್ತರಿಸಲಾಗಿದೆ ಎಂದು ಅನುಮಾನಿಸಬಹುದು. ಕ್ರಿಯಾ ಯೋಜನೆಯನ್ನು ವಾರ್ಡುವಾರು ಜೋಡಿಸಿಕೊಂಡು ಓದಿದರೆ ಇದು ತಾನಾಗಿ ಕಣ್ಣಿಗೆ ಬೀಳುತ್ತದೆ. ಟೆಂಡರ್ ಆಗಿದ್ದರೆ ತುಲನಾತ್ಮಕ ತಃಖ್ತೆಯಲ್ಲಿ ಎಷ್ಟು ಮಂದಿ ಭಾಗವಹಿಸಿದ್ದರು, ದರಗಳ ಅಂತರವೆಷ್ಟು ಎಂದು ನೋಡಿ. ದೋಷ ಹೊಣೆಗಾರಿಕೆಯ ಅವಧಿಯನ್ನು ಕಾರ್ಯಾದೇಶದಿಂದ ಬರೆದಿಟ್ಟುಕೊಳ್ಳಿ. ಆ ಅವಧಿಯೊಳಗೆ ರಸ್ತೆ ಕಿತ್ತುಹೋದರೆ ಗುತ್ತಿಗೆದಾರರೇ ಸರಿಪಡಿಸಬೇಕು, ಹೊಸ ಬಿಲ್ಲು ಬರಬಾರದು.

ಸಣ್ಣ ಬಿಲ್ಲುಗಳು

ದೊಡ್ಡ ಕಾಮಗಾರಿಗೆ ಕಡತವಾದರೂ ದಪ್ಪಗಿರುತ್ತದೆ. ಕೊಳವೆಬಾವಿ ಮೋಟಾರಿನ ರಿವೈಂಡಿಂಗ್, ಬೇಸಿಗೆಯ ಟ್ಯಾಂಕರ್ ನೀರು, ಬ್ಲೀಚಿಂಗ್ ಪೌಡರ್, ಬೀದಿದೀಪದ ಬಿಡಿಭಾಗ, ವಾಹನಗಳ ಡೀಸೆಲ್ ಇವು ತಿಂಗಳು ತಿಂಗಳು ಸದ್ದಿಲ್ಲದೆ ಸಾಗುವ ಖರ್ಚುಗಳು. ಮೋಟಾರಿಗೆ ಸಂಬಂಧಿಸಿದಂತೆ ಯಾವ ಕೊಳವೆಬಾವಿಯ ಎಷ್ಟು ಅಶ್ವಶಕ್ತಿಯ ಮೋಟಾರು ವರ್ಷದಲ್ಲಿ ಎಷ್ಟು ಸಲ ಸುಟ್ಟಿತೆಂಬ ಪಟ್ಟಿ ಕೇಳಿ. ಟ್ಯಾಂಕರಿಗೆ ಟ್ರಿಪ್ ಶೀಟನ್ನೂ ವಾಹನದ ಲಾಗ್ ಪುಸ್ತಕವನ್ನೂ ತಾಳೆ ಹಾಕಿ; ಇಳಿಸಿಕೊಂಡವರ ಸಹಿ ಇರುವ ಬೀದಿಗೆ ಹೋಗಿ ನಾಲ್ಕು ಮನೆಯಲ್ಲಿ ವಿಚಾರಿಸಿ.

ಪೌರಕಾರ್ಮಿಕರ ಹಾಜರಿಯಿಂದ ತನಿಖೆ ಶುರುಮಾಡುವ ಚಪಲ ಹಲವರಿಗಿದೆ. ನನಗದು ಸರಿಕಾಣುವುದಿಲ್ಲ. 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂಬ ಮಾನದಂಡದಂತೆ ನಿಮ್ಮೂರಿಗೆ ಎಷ್ಟು ಮಂದಿ ಬೇಕು, ಎಷ್ಟಿದ್ದಾರೆ, ಹೊರಗುತ್ತಿಗೆಯ ಚಾಲಕರ ಭವಿಷ್ಯನಿಧಿ ಮತ್ತು ಇಎಸ್‌ಐ ಕಂತು ನಿಜಕ್ಕೂ ಅವರ ಖಾತೆ ಸೇರಿದೆಯೇ ಎಂದು ಕೇಳುವುದು ಲೆಕ್ಕವೂ ಹೌದು, ನ್ಯಾಯವೂ ಹೌದು.

ಲೆಕ್ಕಪರಿಶೋಧನಾ ವರದಿ ಎಂಬ ಸಿದ್ಧ ಅಡುಗೆ

ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯವರು ಪುರಸಭೆಯ ಲೆಕ್ಕ ಪರಿಶೀಲಿಸಿ ಕಂಡಿಕೆವಾರು ವರದಿ ಕೊಡುತ್ತಾರೆ. ಆಕ್ಷೇಪಣೆಯಲ್ಲಿಟ್ಟ ಮೊತ್ತ, ವಸೂಲಾತಿಗೆ ಸೂಚಿಸಿದ ಮೊತ್ತ ಎಂಬ ಎರಡು ಪಟ್ಟಿಗಳು ಅದರಲ್ಲಿರುತ್ತವೆ. ನೀವು ಆರು ತಿಂಗಳು ಹುಡುಕಿ ಕಂಡುಕೊಳ್ಳುವುದನ್ನು ಅವರು ಈಗಾಗಲೇ ಬರೆದಿಟ್ಟಿರಬಹುದು. ನಾನು ಈ ಹೆಜ್ಜೆಯನ್ನು ತಡವಾಗಿ ಕಲಿತು ಪರಿತಪಿಸಿದ್ದೇನೆ. ವರದಿಯ ಪ್ರತಿಯೊಂದಿಗೆ, ಆ ಆಕ್ಷೇಪಣೆಗಳಿಗೆ ಉತ್ತರವಾಗಿ ಪುರಸಭೆ ಸಲ್ಲಿಸಿದ ಅನುಪಾಲನಾ ವರದಿಯನ್ನೂ ಕೇಳಿ. ಯಾವ ಕಂಡಿಕೆಗೆ ಉತ್ತರವೇ ಹೋಗಿಲ್ಲ, ಯಾವುದು ವರ್ಷಗಳಿಂದ ಬಾಕಿ ಉಳಿದಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದರೆ ಮುಂದಿನ ಸಾಮಾನ್ಯ ಸಭೆಗೆ ಸದಸ್ಯರ ಕೈಯಲ್ಲಿ ಆ ಹಾಳೆಯೇ ಪ್ರಶ್ನಾವಳಿಯಾಗುತ್ತದೆ. ಅಳತೆ ಪುಸ್ತಕದ ಮೇಲೆ ನಾವು ಸಂಶಯ ಪಟ್ಟರೆ ಜಗಳವಾಗುತ್ತದೆ, ಸರ್ಕಾರದ ಲೆಕ್ಕಪರಿಶೋಧಕರು ಪಟ್ಟರೆ ಅದಕ್ಕೆ ಉತ್ತರ ಕೊಡಲೇಬೇಕು.

ಕಂಡದ್ದನ್ನು ಹೇಳುವ ರೀತಿ

ಬೆಂಗಳೂರಿನಲ್ಲಿ 1990ರ ದಶಕದಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಸಂಸ್ಥೆ ನಾಗರಿಕ ಸೇವೆಗಳಿಗೆ ಅಂಕಪಟ್ಟಿ ಕೊಟ್ಟಿತು. 2002ರಲ್ಲಿ ಜನಾಗ್ರಹವೂ ಸೇರಿದಂತೆ ಕೆಲವು ಸಂಸ್ಥೆಗಳು 'ಪ್ರೂಫ್' ಎಂಬ ಅಭಿಯಾನ ನಡೆಸಿ, ಮಹಾನಗರ ಪಾಲಿಕೆಯ ತ್ರೈಮಾಸಿಕ ಹಣಕಾಸು ವಿವರಗಳನ್ನು ಜನರೆದುರು ಚರ್ಚೆಗಿಟ್ಟವು. ಎರಡೂ ಕಡೆ ಅಂಕಿಗಳು ಮುಂದಿದ್ದವು, ವಿಶೇಷಣಗಳು ಹಿಂದಿದ್ದವು. ತಾಲ್ಲೂಕು ಕೇಂದ್ರದ ಬಳಗಕ್ಕೂ ಅದೇ ಕ್ರಮ ಸರಿ: ಮೂರು ತಿಂಗಳಿಗೊಮ್ಮೆ ಎರಡು ಪುಟದ ವರದಿ, ಪ್ರತಿ ಅಂಕಿಯ ಮುಂದೆ ದಾಖಲೆಯ ಹೆಸರು ಮತ್ತು ಪುಟ, ಪ್ರಕಟಿಸುವ ಹತ್ತು ದಿನ ಮೊದಲು ಮುಖ್ಯಾಧಿಕಾರಿಗೆ ಒಂದು ಪ್ರತಿ ಕಳುಹಿಸಿ ಅವರ ಉತ್ತರವನ್ನೂ ಅದರಲ್ಲೇ ಮುದ್ರಿಸುವುದು.

ಈ ಹತ್ತು ದಿನದ ನಿಯಮ ನಮ್ಮ ತಪ್ಪಿನಿಂದ ಹುಟ್ಟಿದ್ದು. ಬಿಲ್ಲಾದ ಚರಂಡಿಯೊಂದು ನೆಲದ ಮೇಲೆ ಇಲ್ಲವೆಂದು ನಾವು ಚಿತ್ರ ಸಮೇತ ಕರಪತ್ರ ಹಂಚಿದೆವು. ಅದೇ ಹೆಸರಿನ ಇನ್ನೊಂದು ಅಡ್ಡರಸ್ತೆ ಪಕ್ಕದ ವಾರ್ಡಿನಲ್ಲಿತ್ತು, ಚರಂಡಿ ಅಲ್ಲಿ ಚೆನ್ನಾಗಿಯೇ ಇತ್ತು. ಕಿರಿಯ ಎಂಜಿನಿಯರ್ ನಮ್ಮನ್ನು ಅಲ್ಲಿಗೆ ಕರೆದೊಯ್ದು ಮಾತಾಡದೆ ನಿಂತರು. ಕರಪತ್ರ ಹಂಚಿದ ಬೀದಿಗಳಲ್ಲೆಲ್ಲ ನಾವೇ ತಿದ್ದುಪಡಿ ಹಂಚಿ ಕ್ಷಮೆ ಕೇಳಿದೆವು. ಅಂದಿನಿಂದ ಅಂದಾಜು ಪಟ್ಟಿಗೆ ಲಗತ್ತಿಸಿದ ನಕ್ಷೆ ನೋಡದೆ ಯಾವ ಕಾಮಗಾರಿಯ ಬಗ್ಗೆಯೂ ಬಾಯಿ ತೆರೆದಿಲ್ಲ.

ಉತ್ತರ ಸಿಗದಿದ್ದರೆ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ, ನಂತರ ಜಿಲ್ಲಾಧಿಕಾರಿಗೆ, ಪ್ರತಿಯನ್ನು ಪೌರಾಡಳಿತ ನಿರ್ದೇಶನಾಲಯಕ್ಕೆ ಕಳುಹಿಸಿ. ಖಾತೆ ಬದಲಾವಣೆಯಂತಹ ಸೇವೆಯ ವಿಳಂಬಕ್ಕೆ, ಸೇವೆಗಳಿಗೆ ಕಾಲಮಿತಿ ಹಾಕುವ 'ಸಕಾಲ' ಕಾಯ್ದೆಯಡಿ ಮೇಲ್ಮನವಿಯಿದೆ. ದುರುಪಯೋಗಕ್ಕೆ ದಾಖಲೆಯ ಆಧಾರ ಗಟ್ಟಿಯಾಗಿದ್ದಾಗ ಮಾತ್ರ ಲೋಕಾಯುಕ್ತರ ಮೆಟ್ಟಿಲು ಹತ್ತಿ. ಅಲ್ಲಿ ದೂರಿನೊಂದಿಗೆ ಪ್ರಮಾಣಪತ್ರ ಸಲ್ಲಿಸಬೇಕಾಗುವುದರಿಂದ ಪ್ರತಿ ವಾಕ್ಯಕ್ಕೂ ನೀವು ಹೊಣೆ.

ಬಳಗದ ಕಡತಗಳನ್ನು ಒಬ್ಬರ ಮನೆಯಲ್ಲಿ ಮಾತ್ರ ಇಡಬೇಡಿ. ಎರಡು ಪ್ರತಿ, ಎರಡು ಮನೆ. ಬಳಗದ ಸ್ವಂತ ಲೆಕ್ಕವನ್ನೂ ಪ್ರತಿ ಏಪ್ರಿಲ್‌ನಲ್ಲಿ ಗ್ರಂಥಾಲಯದ ಸೂಚನಾ ಫಲಕದಲ್ಲಿ ಹಾಕಿ. ನಮ್ಮ ಕಳೆದ ವರ್ಷದ ಹಾಳೆಯಲ್ಲಿ ಅರ್ಜಿ ಶುಲ್ಕ, ನಕಲು ಪ್ರತಿ, ಅಂಚೆ ವೆಚ್ಚ, 30 ಮೀಟರಿನ ಒಂದು ಟೇಪು ಇಷ್ಟೇ ಇತ್ತು. ಹಾಳೆ ಅಂಟಿಸಿದ ಎರಡನೇ ದಿನ ಪುರಸಭೆಯ ಗುಮಾಸ್ತರೊಬ್ಬರು ಅದರ ಮುಂದೆ ನಿಂತು ಬೆರಳಿಟ್ಟು ಕೂಡಿಸುತ್ತಿದ್ದರೆಂದು ಗ್ರಂಥಪಾಲಕರು ಹೇಳಿದರು. ಮೊತ್ತ ಸರಿಯಿತ್ತು, ಟೇಪಿನ ರಸೀದಿ ಮಾತ್ರ ಲಗತ್ತಿಸಿರಲಿಲ್ಲ. ಅವರು ಬರೆದಿಟ್ಟು ಹೋದ ಆ ಆಕ್ಷೇಪಣೆಗೆ ರಸೀದಿಯ ಪ್ರತಿಯೊಂದಿಗೆ ಲಿಖಿತ ಉತ್ತರ ಕೊಟ್ಟಿದ್ದೇವೆ.